ಹೃದಯದ ಆಪರೇಷನ್ ಆದಮೇಲೆ ಮೇದೋಜೀರಕ ಮುನಿದರೆ

ಹೃದಯದ ಆಪರೇಷನ್ನಿನಲ್ಲಿ ಎದೆಯ ಮೂಳೆ ಸೀಳುತ್ತಾರೆ, ಹೊಟ್ಟೆಯ ತಂಟೆಗೆ ಯಾರೂ ಹೋಗುವುದಿಲ್ಲ. ಆದರೂ ಕೆಲವರಿಗೆ ಆಪರೇಷನ್ ಮುಗಿದ ಎರಡನೆಯ ದಿನವೋ ಏಳನೆಯ ದಿನವೋ ಹೊಟ್ಟೆ ಬಿಗಿಯುತ್ತದೆ, ಬಿಪಿ ಕುಸಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಹುಡುಕುತ್ತ ಹೋದರೆ ಸಿಕ್ಕಿಬೀಳುವುದು ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್. ತೀವ್ರವಾದ ಪ್ಯಾಂಕ್ರಿಯಾಟೈಟಿಸ್, ಅಂದರೆ ಈ ಗ್ರಂಥಿಯ ಉರಿಯೂತ, ಇಲ್ಲಿ ಅಪರೂಪ, ಶೇ. 1ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಆದರೆ ಬಂದಾಗ ಅದು ಸಾಮಾನ್ಯ ಪ್ಯಾಂಕ್ರಿಯಾಟೈಟಿಸ್‌ಗಿಂತ ಬಹಳ ಕ್ರೂರ. ಕಾಯಿಲೆ ಬೇರೆ ಜಾತಿಯದು ಅಂತಲ್ಲ. ಅದರ ಪ್ರತಿಯೊಂದು ಲಕ್ಷಣವೂ ಆಪರೇಷನ್ನಿನ ಸಹಜ ಪರಿಣಾಮದ ಹಾಗೇ ಕಾಣುತ್ತದೆ, ಹಾಗಾಗಿ ಗುರುತು ಹಿಡಿಯುವುದು ತಡವಾಗುತ್ತದೆ. ಗುರುತು ಹಿಡಿದ ಮೇಲೂ ಹೃದಯಕ್ಕೆ ಬೇಕಾದ ಚಿಕಿತ್ಸೆ ಮತ್ತು ಮೇದೋಜೀರಕಕ್ಕೆ ಬೇಕಾದ ಚಿಕಿತ್ಸೆ ಎದುರುಬದುರು ನಿಲ್ಲುತ್ತವೆ.

ಮೊದಲು, ಪೆಟ್ಟು ಬೀಳುವುದು ಹೇಗೆ ಎಂಬುದು.

ಮೇದೋಜೀರಕಕ್ಕೆ ರಕ್ತ ಎರಡು ದಾರಿಯಿಂದ ಬರುತ್ತದೆ. ಸೀಲಿಯಾಕ್ ಅಪಧಮನಿಯ ಕವಲುಗಳು ಒಂದು ಕಡೆಯಿಂದ, ಸುಪೀರಿಯರ್ ಮೆಸೆಂಟೆರಿಕ್ ಅಪಧಮನಿಯ ಕವಲುಗಳು ಇನ್ನೊಂದು ಕಡೆಯಿಂದ. ಗ್ರಂಥಿಯ ತಲೆಯ ಭಾಗದಲ್ಲಿ ಇವೆರಡೂ ಕಮಾನಿನ ಹಾಗೆ ಕೂಡಿಕೊಳ್ಳುತ್ತವೆ. ನಡು ಮತ್ತು ಬಾಲದ ಭಾಗ ಹೆಚ್ಚಾಗಿ ಗುಲ್ಮಕ್ಕೆ (ಸ್ಪ್ಲೀನ್) ಹೋಗುವ ರಕ್ತನಾಳದ ಸಣ್ಣ ಕವಲುಗಳನ್ನೇ ನೆಚ್ಚಿಕೊಂಡಿದೆ. ವಿಶ್ರಾಂತಿಯಲ್ಲಿರುವಾಗ ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಕಾಲು ಭಾಗ ಹೊಟ್ಟೆಯ ಅಂಗಗಳಿಗೆ ಹೋಗುತ್ತದೆ. ದೇಹಕ್ಕೆ ಸಂಕಟ ಬಂದಾಗ ಮೊದಲು ಕೈಹಾಕುವುದು ಈ ಪಾಲಿಗೇ. ಆಂಜಿಯೋಟೆನ್ಸಿನ್, ವ್ಯಾಸೋಪ್ರೆಸಿನ್, ಅಡ್ರಿನಲಿನ್ ಗುಂಪಿನ ಹಾರ್ಮೋನುಗಳು ಹೊಟ್ಟೆಯ ರಕ್ತನಾಳಗಳನ್ನು ಹಿಂಡಿ ಮಿದುಳಿಗೂ ಹೃದಯಕ್ಕೂ ರಕ್ತ ಉಳಿಸುತ್ತವೆ. ಮಾನಿಟರಿನಲ್ಲಿ ಬಿಪಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಹೊಟ್ಟೆಯೊಳಗೆ ಮಾತ್ರ ಬರಗಾಲ.

ಆಪರೇಷನ್ ಹೊತ್ತಿನಲ್ಲಿ ಹೃದಯ-ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಮಷೀನಿನ ಮೇಲೆ ರೋಗಿಯನ್ನು ಹಾಕಿದಾಗ ಈ ಸಂಕಟ ಕೃತಕವಾಗಿ ಉಂಟಾಗುತ್ತದೆ. ಸಾಮಾನ್ಯ ದೇಹತಾಪದ ಹತ್ತಿರ ಪಂಪಿನ ಹರಿವನ್ನು ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 2.2ರಿಂದ 2.4 ಲೀಟರಿನಷ್ಟು ಇಟ್ಟುಕೊಳ್ಳುತ್ತಾರೆ. 1.7 ಚದರ ಮೀಟರಿನ ಮನುಷ್ಯನಿಗೆ ಅದು ನಿಮಿಷಕ್ಕೆ ಸುಮಾರು 4 ಲೀಟರ್. ಸರಾಸರಿ ಒತ್ತಡ 50ರಿಂದ 80 ಮಿ.ಮೀ. ಪಾದರಸದ ನಡುವೆ ಇರುತ್ತದೆ. ಹರಿವಿನಲ್ಲಿ ನಾಡಿಬಡಿತ ಇರುವುದಿಲ್ಲ, ಅಥವಾ ಇದ್ದರೂ ಮಂದ. ಮಷೀನಿನ ಕೊಳವೆಗಳನ್ನು ತುಂಬಿಸಿದ ದ್ರವದಿಂದ ರಕ್ತ ತೆಳುವಾಗಿರುತ್ತದೆ. ಕೊಳವೆಯ ಪ್ಲಾಸ್ಟಿಕ್ಕಿಗೆ ತಾಗಿದ ರಕ್ತದಲ್ಲಿ ಉರಿಯೂತದ ಸರಣಿ ಶುರುವಾಗುತ್ತದೆ. ಒಂದು ಗಂಟೆಯಲ್ಲಿ ಮುಗಿದರೆ ಬಹುತೇಕರ ದೇಹ ಇದನ್ನು ತಾಳಿಕೊಳ್ಳುತ್ತದೆ. ಎರಡು ಗಂಟೆ ದಾಟಿ, ಮಷೀನಿನಿಂದ ಇಳಿಸುವಾಗ ಹೃದಯ ಸೋತು, ಮತ್ತೆ ಏರಿಸಿ, ಮೂರು ಬಗೆಯ ಬಿಪಿ ಏರಿಸುವ ಔಷಧಿ ಹಚ್ಚಿ ಐಸಿಯುಗೆ ತಂದರೆ ಲೆಕ್ಕವೇ ಬೇರೆ. ಮಷೀನಿನ ಮೇಲೆ ಕಳೆದ ಹೊತ್ತಿಗಿಂತ ಅದರಿಂದ ಇಳಿದ ಮೇಲೆ ಹೃದಯ ಎಷ್ಟು ಸೋತಿತು ಎಂಬುದೇ ಹೆಚ್ಚು ಮುಖ್ಯ ಎನ್ನುವವರ ಮಾತಿನಲ್ಲಿ ತೂಕವಿದೆ: ಮಷೀನ್ ಬಳಸದೆ, ಬಡಿಯುವ ಹೃದಯದ ಮೇಲೆಯೇ ಮಾಡಿದ ಆಪರೇಷನ್ನುಗಳ ನಂತರವೂ ಈ ತೊಡಕು ಬಂದಿದೆ.

ರಕ್ತದ ಕೊರತೆಯಾದ ಜೀವಕೋಶಕ್ಕೆ ರಕ್ತ ಮರಳಿದಾಗ ಎರಡನೆಯ ಪೆಟ್ಟು ಬೀಳುತ್ತದೆ. ಮೇದೋಜೀರಕದ ಕೋಶಗಳು ಜೀರ್ಣರಸಗಳನ್ನು ನಿಷ್ಕ್ರಿಯ ರೂಪದಲ್ಲಿ, ಪುಟ್ಟ ಚೀಲಗಳಲ್ಲಿ ಕಟ್ಟಿಟ್ಟಿರುತ್ತವೆ. ಕೋಶದೊಳಗೆ ಕ್ಯಾಲ್ಸಿಯಂ ಮಟ್ಟ ಏರಿ ಅಲ್ಲೇ ನಿಂತರೆ ಟ್ರಿಪ್ಸಿನೋಜೆನ್ ಎಂಬ ನಿಷ್ಕ್ರಿಯ ರಸ ಕರುಳಿಗೆ ಇಳಿಯುವ ಮೊದಲೇ, ಕೋಶದೊಳಗೇ ಟ್ರಿಪ್ಸಿನ್ ಆಗಿಬಿಡುತ್ತದೆ. ಆಮೇಲೆ ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ.

ಈ ಕ್ಯಾಲ್ಸಿಯಂ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಹೃದಯವನ್ನು ಮಷೀನಿನಿಂದ ಇಳಿಸುವಾಗ ಸಂಕೋಚನಕ್ಕೆ ಬಲ ಬರಲಿ ಎಂದು ಕ್ಯಾಲ್ಸಿಯಂ ಕ್ಲೋರೈಡ್ ಕೊಡುವುದು ಹಳೆಯ ರೂಢಿ. ಬಾಸ್ಟನ್ನಿನ ಶಸ್ತ್ರಚಿಕಿತ್ಸಕರ ತಂಡವೊಂದು 1991ರಲ್ಲಿ ಪ್ರಕಟಿಸಿದ ಅಧ್ಯಯನ ಇದರತ್ತ ಬೆರಳು ತೋರಿಸಿತು. ಹಾರ್ಟ್-ಲಂಗ್ ಮಷೀನ್ ಬಳಸಿ ಆಪರೇಷನ್ ಮಾಡಿಸಿಕೊಂಡ 300 ಜನರನ್ನು ಅವರು ಸತತವಾಗಿ ಗಮನಿಸಿದ್ದರು. ಅವರಲ್ಲಿ 80 ಮಂದಿಗೆ, ಅಂದರೆ ಶೇ. 27ರಷ್ಟು ಜನರಿಗೆ, ಮೇದೋಜೀರಕದ ಕೋಶಗಳಿಗೆ ಪೆಟ್ಟು ಬಿದ್ದ ಕುರುಹು ರಕ್ತಪರೀಕ್ಷೆಯಲ್ಲಿ ಸಿಕ್ಕಿತು. ತೀವ್ರ ಪ್ಯಾಂಕ್ರಿಯಾಟೈಟಿಸ್ ಆದದ್ದು 3 ಜನರಿಗೆ. ಅಪಾಯ ಹೆಚ್ಚಿಸಿದ ಸಂಗತಿಗಳು ಯಾವುವು ಎಂದು ನೋಡಿದಾಗ ಮೊದಲೇ ದುರ್ಬಲವಾಗಿದ್ದ ಕಿಡ್ನಿ, ಕವಾಟದ ಆಪರೇಷನ್, ನಂತರದ ಕಡಿಮೆ ಬಿಪಿ, ಇವುಗಳ ಜೊತೆಗೆ ಕ್ಯಾಲ್ಸಿಯಂ ಕ್ಲೋರೈಡಿನ ಪ್ರಮಾಣವೂ ಪಟ್ಟಿಯಲ್ಲಿತ್ತು. ಪ್ರತಿ ಚದರ ಮೀಟರಿಗೆ 800 ಮಿ.ಗ್ರಾಂ. ದಾಟಿದಾಗ ಅಪಾಯ ಸ್ಪಷ್ಟವಾಗಿ ಏರಿತ್ತು.

1.7 ಚದರ ಮೀಟರಿನ ದೇಹಕ್ಕೆ ಆ ಗೆರೆ 1,360 ಮಿ.ಗ್ರಾಂ. ಶೇ. 10ರ ಕ್ಯಾಲ್ಸಿಯಂ ಕ್ಲೋರೈಡಿನ 10 ಮಿ.ಲೀ. ಅಂದರೆ 1 ಗ್ರಾಂ. ಒಂದೂವರೆ ಸಿರಿಂಜಿಗೆ ಮೊದಲೇ ಗೆರೆ ದಾಟಿಬಿಡುತ್ತದೆ. ರಕ್ತಸ್ರಾವ ಹೆಚ್ಚಾಗಿ ರಕ್ತ, ಪ್ಲಾಸ್ಮಾ ಏರಿಸಿದಾಗ ಅವುಗಳಲ್ಲಿರುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ಮತ್ತಷ್ಟು ಕೊಡಬೇಕಾಗುತ್ತದೆ. ಆಕ್ಷೇಪವೂ ಇದೆ: ಸೋತ ಹೃದಯಕ್ಕೇ ತಾನೇ ಹೆಚ್ಚು ಕ್ಯಾಲ್ಸಿಯಂ ಕೊಡುವುದು? ಪೆಟ್ಟು ಸೋತ ಹೃದಯದ್ದೋ, ಕ್ಯಾಲ್ಸಿಯಂನದೋ? ಇಂಥ ಅಧ್ಯಯನ ಎರಡನ್ನೂ ಪೂರ್ತಿ ಬಿಡಿಸಿ ಹೇಳಲಾರದು. ಆದರೂ ಅಭ್ಯಾಸಬಲದಿಂದ ಕೊಡುವುದನ್ನು ಬಿಟ್ಟು, ರಕ್ತದಲ್ಲಿ ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಅಯಾನಿಕ್ ಕ್ಯಾಲ್ಸಿಯಂ ಅಳೆದು, ಅದು ಲೀಟರಿಗೆ 1.0 ಮಿಲಿಮೋಲ್‌ಗಿಂತ ಕೆಳಗಿದ್ದರೆ ಸಣ್ಣ ಪ್ರಮಾಣದಲ್ಲಿ, ನಿಧಾನವಾಗಿ ಕೊಟ್ಟು ಮತ್ತೆ ಅಳೆಯುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಗ್ಲೂಕೋನೇಟ್ ರೂಪಕ್ಕೆ ಬದಲಾಯಿಸುವವರು ಒಂದು ಲೆಕ್ಕ ನೆನಪಿಡಬೇಕು: ಅದೇ 10 ಮಿ.ಲೀ. ಗ್ಲೂಕೋನೇಟಿನಲ್ಲಿ ಇರುವ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿರುವುದರ ಮೂರನೆಯ ಒಂದು ಭಾಗ ಮಾತ್ರ.

ಪೆಟ್ಟಿನ ಇನ್ನೊಂದು ದಾರಿ ಕೊಬ್ಬಿನ ಚೂರುಗಳದ್ದು. ವಯಸ್ಸಾದವರ ಮಹಾಪಧಮನಿಯ ಗೋಡೆಗೆ ಗಾರೆಯಂತೆ ಅಂಟಿರುವ ಕೊಬ್ಬು, ಕ್ಲ್ಯಾಂಪ್ ಹಾಕುವಾಗ, ತೆಗೆಯುವಾಗ, ಕೊಳವೆ ತೂರಿಸುವಾಗ ಉದುರಿ ಕೆಳಗೆ ಹರಿಯುತ್ತದೆ. ಅದರ ಕೊಲೆಸ್ಟರಾಲ್ ಹರಳುಗಳು ಮೇದೋಜೀರಕದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕಾಲ್ಬೆರಳು ನೀಲಿಗಟ್ಟಿದ್ದರೆ, ತೊಡೆಯ ಚರ್ಮದ ಮೇಲೆ ಬಲೆಯಂಥ ಕೆನ್ನೀಲಿ ಗೆರೆಗಳು ಕಂಡರೆ, ಜೊತೆಗೆ ಕಿಡ್ನಿಯೂ ಸೋಲುತ್ತಿದ್ದರೆ, ಹೊಟ್ಟೆಯೊಳಗೂ ಅದೇ ಆಗಿರಬಹುದು ಎಂದು ಶಂಕಿಸಬೇಕು. ಹಾಸಿಗೆಯ ಹೊದಿಕೆ ಸರಿಸಿ ಪಾದ ನೋಡುವುದಕ್ಕೆ ಖರ್ಚೂ ಇಲ್ಲ, ಅಪಾಯವೂ ಇಲ್ಲ.

ಹೃದಯಕ್ಕೆ ಆಸರೆಯಾಗಿ ಮಹಾಪಧಮನಿಯೊಳಗೆ ಬಲೂನ್ ಪಂಪ್ ಇಟ್ಟಿದ್ದರೆ ಅದರ ಜಾಗವನ್ನೂ ನೋಡಬೇಕು. ಬಲೂನಿನ ತುದಿ ಎಡಗೈಗೆ ಹೋಗುವ ಸಬ್‌ಕ್ಲೇವಿಯನ್ ಅಪಧಮನಿಯ ಮೂಲದಿಂದ 2ರಿಂದ 3 ಸೆಂ.ಮೀ. ಕೆಳಗಿರಬೇಕು. ಜಾರಿ ಕೆಳಗಿಳಿದರೆ, ಅಥವಾ ಕುಳ್ಳ ದೇಹಕ್ಕೆ ಉದ್ದನೆಯ ಬಲೂನ್ ಹಾಕಿದ್ದರೆ, ಅದು ಉಬ್ಬಿದಾಗಲೆಲ್ಲ ಸೀಲಿಯಾಕ್, ಮೆಸೆಂಟೆರಿಕ್ ಮತ್ತು ಕಿಡ್ನಿಯ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಹೃದಯಕ್ಕೆ ಸಹಾಯ ಮಾಡಲು ಇಟ್ಟ ಸಾಧನ ಹೊಟ್ಟೆಯನ್ನು ಒಣಗಿಸುತ್ತಿರುತ್ತದೆ. ದಿನವೂ ತೆಗೆಯುವ ಎದೆಯ ಎಕ್ಸ್-ರೇಯಲ್ಲಿ ತುದಿ ಎಲ್ಲಿದೆ ಎಂದು ನೋಡುವಾಗ ಕೆಳತುದಿ ಎಲ್ಲಿಗೆ ಬಂದಿರಬಹುದು ಎಂದೂ ಅಂದಾಜು ಮಾಡಬೇಕು.

ಔಷಧಿಗಳ ಪೈಕಿ ಮೊದಲು ಅನುಮಾನಿಸಬೇಕಾದದ್ದು ನಿದ್ರೆಯಲ್ಲಿಡಲು ಕೊಡುವ ಪ್ರೊಪೊಫಾಲ್. ಅದು ಹಾಲಿನಂತೆ ಬೆಳ್ಳಗಿರುವುದು ಅದರಲ್ಲಿರುವ ಶೇ. 10ರಷ್ಟು ಎಣ್ಣೆಯಿಂದ. ಶೇ. 1ರ ದ್ರಾವಣ ಗಂಟೆಗೆ 20 ಮಿ.ಲೀ. ಹೋಗುತ್ತಿದ್ದರೆ ದಿನಕ್ಕೆ 48 ಗ್ರಾಂ ಕೊಬ್ಬು ನೇರವಾಗಿ ರಕ್ತಕ್ಕೆ ಸೇರುತ್ತದೆ. ಈ ದ್ರಾವಣ ಪ್ರತಿ ಮಿ.ಲೀ.ಗೆ 1.1 ಕಿಲೋ ಕ್ಯಾಲೊರಿ ಕೊಡುತ್ತದೆ ಎಂಬುದನ್ನು ಆಹಾರದ ಲೆಕ್ಕದಲ್ಲೂ ಬಿಡಬಾರದು. ಎರಡು ದಿನ ದಾಟಿ ನಿದ್ರೆಯಲ್ಲಿಡಬೇಕಾದವರಲ್ಲಿ ಟ್ರೈಗ್ಲಿಸರೈಡ್ ಅಳೆಯಬೇಕು. ಡೆಸಿಲೀಟರಿಗೆ 400-500 ಮಿ.ಗ್ರಾಂ. ಹತ್ತಿರ ಬಂದಾಗಲೇ ಬೇರೆ ಔಷಧಿಗೆ ಹೊರಳಬೇಕು; 1,000 ದಾಟಿದರೆ ಅದೊಂದೇ ಪ್ಯಾಂಕ್ರಿಯಾಟೈಟಿಸ್ ತರಲು ಸಾಕು. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಅಜಾಥಯೋಪ್ರಿನ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಕೂಡ ಶಂಕಿತರ ಸಾಲಿನಲ್ಲಿವೆ. ಇನ್ನು ಪಿತ್ತಕೋಶದ ಕಲ್ಲು ಮತ್ತು ಮದ್ಯ. ಇವೆರಡೂ ಆಪರೇಷನ್ನಿಗೆ ಮೊದಲೇ ಇದ್ದು, ಆ ಒತ್ತಡದಲ್ಲಿ ಎದ್ದು ಕೂತಿರಬಹುದು. ಹೃದಯದ ಆಪರೇಷನ್ ಆದವರಿಗೂ ಕಲ್ಲಿನಿಂದ ಪ್ಯಾಂಕ್ರಿಯಾಟೈಟಿಸ್ ಬರುತ್ತದೆ ಎಂಬ ಸರಳ ಸತ್ಯ ಈ ಗದ್ದಲದಲ್ಲಿ ಮರೆತುಹೋಗುವುದುಂಟು.

ಏಕೆ ಕಾಣುವುದಿಲ್ಲ

ಸಾಮಾನ್ಯ ಪ್ಯಾಂಕ್ರಿಯಾಟೈಟಿಸ್‌ನ ರೋಗಿ ಹೊಟ್ಟೆ ಹಿಡಿದುಕೊಂಡು, ಮುಂದಕ್ಕೆ ಬಾಗಿ, ಬೆನ್ನಿಗೆ ಚುಚ್ಚುವ ನೋವೆಂದು ನರಳುತ್ತ ಬರುತ್ತಾರೆ. ಇಲ್ಲಿನ ರೋಗಿ ವೆಂಟಿಲೇಟರಿನಲ್ಲಿ ಮಲಗಿದ್ದಾರೆ, ಅಥವಾ ನೋವುನಿವಾರಕ ಫೆಂಟನಿಲ್‌ನ ಮಂಪರಿನಲ್ಲಿದ್ದಾರೆ. ಎಚ್ಚರವಿದ್ದರೂ ಎದೆಮೂಳೆಯ ನೋವು, ಎದೆಯಿಂದ ದ್ರವ ಹೊರತೆಗೆಯುವ ಡ್ರೈನ್ ಕೊಳವೆಯ ನೋವು ಉಳಿದೆಲ್ಲವನ್ನೂ ನುಂಗಿಹಾಕುತ್ತವೆ. ಮೇಲ್ಹೊಟ್ಟೆ ನೋಯುತ್ತದೆ ಎಂದರೆ "ಡ್ರೈನ್ ಇದ್ದ ಜಾಗ, ನೋಯುತ್ತದೆ" ಎಂಬ ಉತ್ತರ ಬರುತ್ತದೆ.

ಉಳಿದ ಚಿಹ್ನೆಗಳ ಕಥೆಯೂ ಅಷ್ಟೇ. ಜ್ವರ, ನಾಡಿಯ ವೇಗ, ಬಿಳಿರಕ್ತಕಣಗಳ ಏರಿಕೆ ಹೃದಯದ ಆಪರೇಷನ್ ಆದ ಬಹುತೇಕರಲ್ಲಿ ಮೊದಲ ಎರಡು-ಮೂರು ದಿನ ಇದ್ದೇ ಇರುತ್ತವೆ. ಪ್ಯಾಂಕ್ರಿಯಾಟೈಟಿಸ್‌ನ ತೀವ್ರತೆ ಅಳೆಯಲು 48 ಗಂಟೆಗೆ ಉರಿಯೂತದ ಸೂಚಕವಾದ ಸಿಆರ್‌ಪಿ ಲೀಟರಿಗೆ 150 ಮಿ.ಗ್ರಾಂ. ದಾಟಿದೆಯೇ ಎಂದು ನೋಡುವ ಪದ್ಧತಿಯಿದೆ. ಎದೆ ತೆರೆದ ಮೇಲೆ ಯಾವ ತೊಡಕೂ ಇಲ್ಲದವರಲ್ಲೂ ಅದು ಆ ಎತ್ತರಕ್ಕೆ ಹೋಗುತ್ತದೆ. ಎಡ ಎದೆಗೂಡಿನಲ್ಲಿ ನೀರು ತುಂಬುವುದು ಮೇದೋಜೀರಕದ ಉರಿಯೂತದ ಗುರುತು, ಎಡ ಎದೆಯ ಒಳಗೋಡೆಯ ಅಪಧಮನಿ ತೆಗೆದು ಗ್ರಾಫ್ಟ್ ಮಾಡಿದ್ದರ ಗುರುತೂ ಹೌದು. ಕರುಳು ಮಂಕಾಗುವುದು, ಕ್ಯಾಲ್ಸಿಯಂ ಇಳಿಯುವುದು, ಕ್ರಿಯಾಟಿನಿನ್ ಏರುವುದು, ಸಕ್ಕರೆ ಏರುವುದು ಎಲ್ಲಕ್ಕೂ ಆಪರೇಷನ್ನಿನದೇ ವಿವರಣೆ ಸಿದ್ಧವಿರುತ್ತದೆ. ರಾನ್ಸನ್, ಬೈಸ್ಯಾಪ್ ಮುಂತಾದ, ತೀವ್ರತೆ ಅಳೆಯುವ ಅಂಕಪದ್ಧತಿಗಳನ್ನು ಇಲ್ಲಿ ಹಾಕಿದರೆ ಆರಾಮಾಗಿರುವವರಿಗೂ ಅಂಕ ಬೀಳುತ್ತದೆ. ಅವನ್ನು ನೆಚ್ಚಬೇಡಿ.

ರಕ್ತದಲ್ಲಿ ಅಳೆಯುವ ಅಮೈಲೇಸ್ ಎಂಬ ಜೀರ್ಣರಸ ಇನ್ನೂ ದೊಡ್ಡ ಮೋಸಗಾರ. ಹಾರ್ಟ್-ಲಂಗ್ ಮಷೀನಿನ ನಂತರ ಮೂರನೆಯ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ರೋಗಿಗಳಲ್ಲಿ ಅದು ಏರುತ್ತದೆ. ಏರಿದ್ದರಲ್ಲಿ ಬಹುಪಾಲು ಜೊಲ್ಲುಗ್ರಂಥಿಯದಾಗಿರಬಹುದು, ಅಥವಾ ಕಿಡ್ನಿ ಹೊರಹಾಕದೆ ಉಳಿದದ್ದಾಗಿರಬಹುದು. ಹಾಗಾಗಿ ಎಲ್ಲರಿಗೂ ದಿನಾ ಅಮೈಲೇಸ್ ಮಾಡಿಸುವುದರಿಂದ ಗಾಬರಿ ಹೆಚ್ಚುತ್ತದೆಯೇ ಹೊರತು ಉಪಯೋಗವಿಲ್ಲ. ಶಂಕೆ ಬಂದವರಲ್ಲಿ ಲೈಪೇಸ್ ಎಂಬ ಇನ್ನೊಂದು ಜೀರ್ಣರಸದ ಪರೀಕ್ಷೆ ಮಾಡಿಸುವುದು ಮೇಲು. ಅದು ಹೆಚ್ಚಾಗಿ ಮೇದೋಜೀರಕದ್ದೇ, ಮತ್ತು ಅಮೈಲೇಸ್ ಮೂರರಿಂದ ಏಳು ದಿನಗಳಲ್ಲಿ ಇಳಿದುಹೋದರೆ ಲೈಪೇಸ್ ಒಂದರಿಂದ ಎರಡು ವಾರ ಏರಿಯೇ ಇರುತ್ತದೆ. ತಡವಾಗಿ ಎಚ್ಚೆತ್ತವರಿಗೂ ಸಿಗುತ್ತದೆ. ಕಿಡ್ನಿ ಸೋತಿದ್ದರೆ ಅದೂ ಸ್ವಲ್ಪ ಏರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಹಾಗಾದರೆ ಏನು ನೋಡಬೇಕು? ಒಂದೊಂದು ಸಂಖ್ಯೆಯನ್ನಲ್ಲ, ದಿಕ್ಕನ್ನು. ಆಪರೇಷನ್ನಿನ ಸಹಜ ಏರುಪೇರು ಮೂರನೆಯ ದಿನದ ಹೊತ್ತಿಗೆ ಇಳಿಮುಖವಾಗಬೇಕು. ಎಕೋದಲ್ಲಿ ಹೃದಯ ಚೆನ್ನಾಗಿ ಬಡಿಯುತ್ತಿದ್ದೂ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಏರಿಸಬೇಕಾಗಿ ಬಂದರೆ, ಮೂಗಿನ ಕೊಳವೆಯಲ್ಲಿ ಕೊಟ್ಟ ಆಹಾರ ಜಠರದಲ್ಲೇ ನಿಂತರೆ, ಹೊಟ್ಟೆಯ ಸುತ್ತಳತೆ ಪಾಳಿಯಿಂದ ಪಾಳಿಗೆ ಹೆಚ್ಚಿದರೆ, ಕೊಟ್ಟ ಕ್ಯಾಲ್ಸಿಯಂ ಉಳಿಯದೆ ಮತ್ತೆ ಮತ್ತೆ ಇಳಿದರೆ, ಅಲ್ಲಿ ಹೊಟ್ಟೆಯನ್ನು ಹುಡುಕಬೇಕು. ಎಡಗಡೆಯ ಎದೆನೀರನ್ನು ಹೇಗೂ ತೆಗೆಯುತ್ತಿದ್ದರೆ ಅದರಲ್ಲೇ ಅಮೈಲೇಸ್ ಪರೀಕ್ಷೆಗೆ ಕಳಿಸಿ. ರಕ್ತದಲ್ಲಿರುವುದಕ್ಕಿಂತ ಅದರಲ್ಲಿ ಬಹಳ ಹೆಚ್ಚಿದ್ದರೆ ಸುಳಿವು ಸಿಕ್ಕ ಹಾಗೆ. ಹಾಸಿಗೆಯ ಪಕ್ಕದ ದಾದಿಗೆ ಇದು ಮೊದಲು ಗೊತ್ತಾಗುತ್ತದೆ. "ಈ ರೋಗಿ ಯಾಕೋ ಮುಂದಕ್ಕೆ ಹೋಗ್ತಿಲ್ಲ" ಎಂಬ ಆಕೆಯ ಮಾತನ್ನು ಒಂದು ಪರೀಕ್ಷಾ ವರದಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ರೋಗನಿರ್ಣಯಕ್ಕೆ 2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣದ ನಿಯಮವೇ ಆಧಾರ: ವಿಶಿಷ್ಟ ಹೊಟ್ಟೆನೋವು, ಸಾಮಾನ್ಯದ ಮೇಲ್ಮಿತಿಗಿಂತ ಮೂರು ಪಟ್ಟು ಏರಿದ ಲೈಪೇಸ್ ಅಥವಾ ಅಮೈಲೇಸ್, ಸ್ಕ್ಯಾನಿನಲ್ಲಿ ವಿಶಿಷ್ಟ ಚಿತ್ರ. ಮೂರರಲ್ಲಿ ಎರಡು ಬೇಕು. ನೋವಿನ ಕಾಲಂ ಮಂಪರಿನಲ್ಲಿ ಖಾಲಿ ಉಳಿಯುವುದರಿಂದ ಇಲ್ಲಿ ಲೈಪೇಸ್ ಮತ್ತು ಸಿಟಿ ಎರಡೂ ಕೂಡಿ ಸಾಕ್ಷಿ ಹೇಳಬೇಕಾಗುತ್ತದೆ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತಕ್ಕೆ ಸೇರಿಸುವ ದ್ರವ) ಕೊಟ್ಟು ತೆಗೆಯುವ ಸಿಟಿಯಲ್ಲಿ ಕೊಳೆತ ಭಾಗ ಸ್ಪಷ್ಟವಾಗಲು ಕಾಯಿಲೆ ಶುರುವಾಗಿ 72ರಿಂದ 96 ಗಂಟೆ ಬೇಕು. ಆದರೆ ಕರುಳಿನ ರಕ್ತನಾಳ ಮುಚ್ಚಿದೆಯೇ ಎಂಬ ಶಂಕೆ ಇದ್ದರೆ ಒಂದು ಗಂಟೆಯೂ ಕಾಯಬಾರದು. ಕಿಡ್ನಿಗೆ ಕಾಂಟ್ರಾಸ್ಟ್ ತೊಂದರೆ ಎಂಬ ಅಂಜಿಕೆಯಿಂದ ಆ ಸಿಟಿಯನ್ನು ಮುಂದೂಡುವುದು ತಪ್ಪು ಲೆಕ್ಕ. ಸತ್ತ ಕರುಳಿನೊಂದಿಗೆ ಯಾವ ಕಿಡ್ನಿಯೂ ಬದುಕುವುದಿಲ್ಲ. ಕರುಳಿಗೆ ರಕ್ತ ನಿಂತಾಗಲೂ, ಜಠರದ ಹುಣ್ಣು ಒಡೆದಾಗಲೂ ಅಮೈಲೇಸ್ ಏರುತ್ತದೆ. ಇವೆರಡಕ್ಕೂ ತುರ್ತು ಆಪರೇಷನ್ ಬೇಕು, ಪ್ಯಾಂಕ್ರಿಯಾಟೈಟಿಸ್‌ಗೆ ಬೇಡ. ರಕ್ತ ಸಾಲದ ಅಂಗಾಂಶದಿಂದ ಬರುವ ಲ್ಯಾಕ್ಟೇಟ್ ಏರುತ್ತಲೇ ಹೋದರೆ ಮೊದಲು ಕರುಳನ್ನೇ ಶಂಕಿಸಬೇಕು. ಹಾಸಿಗೆಯಲ್ಲೇ ಮಾಡುವ ಅಲ್ಟ್ರಾಸೌಂಡಿನಲ್ಲಿ ಗಾಳಿ ತುಂಬಿದ ಕರುಳಿನ ಹಿಂದೆ ಮೇದೋಜೀರಕ ಕಾಣುವುದೇ ಕಷ್ಟ. ಪಿತ್ತಕೋಶದ ಕಲ್ಲು, ಪಿತ್ತನಾಳದ ಅಗಲ, ಕಲ್ಲಿಲ್ಲದೆಯೇ ಊದಿಕೊಂಡ ಪಿತ್ತಕೋಶ ನೋಡಲು ಅದು ಒಳ್ಳೆಯದು.

ನೀರು ಎಷ್ಟು?

ಚಿಕಿತ್ಸೆಯಲ್ಲಿ ಮೊದಲ ಜಗಳ ದ್ರವದ್ದು. ಉರಿಯುವ ಮೇದೋಜೀರಕದ ಸುತ್ತ ರಕ್ತನಾಳಗಳು ಸೋರಿ ಲೀಟರುಗಟ್ಟಲೆ ದ್ರವ ಹೊಟ್ಟೆಯೊಳಗೆ ಹೋಗುತ್ತದೆ, ಆದ್ದರಿಂದ ಧಾರಾಳ ಸಲೈನ್ ಕೊಡಿ ಎಂಬುದು ಬಹುಕಾಲದ ಪಾಠವಾಗಿತ್ತು. ಈಗಷ್ಟೇ ಹೊಲಿದ ಹೃದಯ ಅದನ್ನು ತಾಳುವುದಿಲ್ಲ. ಅದೃಷ್ಟಕ್ಕೆ, ಪಾಠವೇ ಬದಲಾಯಿತು. 2022ರಲ್ಲಿ ಪ್ರಕಟವಾದ ವಾಟರ್‌ಫಾಲ್ ಅಧ್ಯಯನದಲ್ಲಿ 249 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮೊದಲು ಕಿಲೋಗೆ 20 ಮಿ.ಲೀ., ಆಮೇಲೆ ಗಂಟೆಗೆ ಕಿಲೋಗೆ 3 ಮಿ.ಲೀ. ರಿಂಗರ್ ಲ್ಯಾಕ್ಟೇಟ್ (ಸಲೈನಿನಂಥ ದ್ರವ). ಇನ್ನೊಂದಕ್ಕೆ ದೇಹ ಒಣಗಿದ್ದರೆ ಮಾತ್ರ ಮೊದಲು ಕಿಲೋಗೆ 10 ಮಿ.ಲೀ., ಆಮೇಲೆ ಗಂಟೆಗೆ ಕಿಲೋಗೆ 1.5 ಮಿ.ಲೀ. ಧಾರಾಳ ಗುಂಪಿನಲ್ಲಿ ಶೇ. 20.5ರಷ್ಟು ಜನರಿಗೆ ದ್ರವ ಅತಿಯಾಯಿತು, ಮಿತ ಗುಂಪಿನಲ್ಲಿ ಶೇ. 6.3ರಷ್ಟು ಜನರಿಗೆ. ಕಾಯಿಲೆಯ ಮಟ್ಟಿಗೆ ಧಾರಾಳತನದಿಂದ ಲಾಭವೇನೂ ಕಾಣಲಿಲ್ಲ, ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದರು. ಹೃದಯ ವೈಫಲ್ಯದ ರೋಗಿಗಳು ಆ ಅಧ್ಯಯನದಲ್ಲಿ ಇರಲಿಲ್ಲ. ಗಟ್ಟಿ ಹೃದಯದವರಿಗೇ ಹೀಗಾದರೆ, ಸೋತ ಹೃದಯದವರಿಗೆ ಇನ್ನೂ ಎಚ್ಚರ ಬೇಕು ಎಂದಾಯಿತು.

ಆದ್ದರಿಂದ ಇಲ್ಲಿ ಗಂಟೆಗಿಷ್ಟು ಎಂದು ಬರೆದಿಟ್ಟು ಮಲಗುವುದು ಆಗದ ಮಾತು. 250 ಮಿ.ಲೀ. ಅನ್ನು 15-20 ನಿಮಿಷದಲ್ಲಿ ಕೊಟ್ಟು, ಎಕೋದಲ್ಲಿ ಅಥವಾ ಕ್ಯಾತಿಟರಿನಲ್ಲಿ ಹೃದಯದ ಹೊರಹರಿವು ಹೆಚ್ಚಿತೇ ನೋಡಬೇಕು. ಹೆಚ್ಚಿದ್ದರೆ ಮತ್ತೊಮ್ಮೆ ಯೋಚಿಸಬಹುದು. ಹೆಚ್ಚದೆ ಬರೀ ಒತ್ತಡ ಏರಿದ್ದರೆ ನಿಲ್ಲಿಸಬೇಕು. ಗಂಟೆಗೆ ಕಿಲೋಗೆ 0.5 ಮಿ.ಲೀ. ಮೂತ್ರ, ಇಳಿಯುವ ಲ್ಯಾಕ್ಟೇಟ್ ಗುರಿ. ಹೃದಯದ ಹೊರಹರಿವೇ ಕಡಿಮೆಯಿದ್ದರೆ ಡೊಬುಟಮಿನ್‌ನಂಥ ಬಲವರ್ಧಕ ಬೇಕೇ ಹೊರತು ನಾಳ ಹಿಂಡುವ ಔಷಧಿಯಲ್ಲ. ನಾಳ ಹಿಂಡಿ ಮಾನಿಟರಿನಲ್ಲಿ ಸರಾಸರಿ ಒತ್ತಡವನ್ನು 80ಕ್ಕೆ ಏರಿಸಿದರೆ ಮೇದೋಜೀರಕದ ಪಾಲು ಇನ್ನೂ ಕುಗ್ಗುತ್ತದೆ. 65ರಲ್ಲಿ ಮೂತ್ರ ಬರುತ್ತಿದ್ದರೆ ಅಷ್ಟು ಸಾಕು.

ಹೊಟ್ಟೆಯೊಳಗಿನ ಒತ್ತಡವನ್ನೂ ಅಳೆಯಬೇಕು. ಮೂತ್ರದ ಕ್ಯಾತಿಟರಿನ ಮೂಲಕ ಮೂತ್ರಕೋಶಕ್ಕೆ 25 ಮಿ.ಲೀ. ಸಲೈನ್ ಹಾಕಿ, ರೋಗಿಯನ್ನು ಮಟ್ಟಸವಾಗಿ ಮಲಗಿಸಿ, ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. 12 ಮಿ.ಮೀ. ಪಾದರಸ ದಾಟಿದರೆ ಹೆಚ್ಚು; 20 ದಾಟಿ ಜೊತೆಗೆ ಹೊಸದಾಗಿ ಅಂಗ ಸೋಲುತ್ತಿದ್ದರೆ ತುರ್ತುಸ್ಥಿತಿ. ಆಗ ಜಠರ ಖಾಲಿ ಮಾಡುವುದು, ನೋವು ತಗ್ಗಿಸಿ ಹೊಟ್ಟೆಯ ಸ್ನಾಯು ಸಡಿಲಿಸುವುದು, ಸೂಜಿಯಿಂದ ದ್ರವ ತೆಗೆಯುವುದು, ಡಯಾಲಿಸಿಸ್ ಮಷೀನಿನಿಂದ ನೀರು ಎಳೆಯುವುದು ಮೊದಲು. ಹೊಟ್ಟೆ ತೆರೆಯುವುದು ಕಟ್ಟಕಡೆಗೆ.

ಆಹಾರದ ವಿಷಯದಲ್ಲಿ ಹಳೆಯ ಉಪವಾಸದ ಪದ್ಧತಿ ಹೋಗಿ ಬಹಳ ಕಾಲವಾಯಿತು. ಕರುಳಿಗೆ ಸ್ವಲ್ಪವಾದರೂ ಆಹಾರ ಇಳಿದರೆ ಅದರ ಗೋಡೆ ಗಟ್ಟಿಯಾಗಿ ಉಳಿಯುತ್ತದೆ, ರಕ್ತನಾಳದ ಮೂಲಕ ಕೊಡುವ ಪೋಷಣೆಗಿಂತ ಸೋಂಕು ಕಡಿಮೆ. ಗಂಟೆಗೆ 10ರಿಂದ 20 ಮಿ.ಲೀ.ನಿಂದ ಶುರುಮಾಡಿ ಏರಿಸುತ್ತಾರೆ. ಮೂಗಿನಿಂದ ಜಠರಕ್ಕೆ ಹಾಕಿದ ಕೊಳವೆಯೇ ಬಹುತೇಕರಿಗೆ ಸಾಕು. ಜಠರದಲ್ಲಿ ನಿಲ್ಲುತ್ತಿದ್ದರೆ ಮಾತ್ರ ಸಣ್ಣಕರುಳಿನವರೆಗೆ ಇಳಿಸಬೇಕು. ಇಲ್ಲಿನ ವ್ಯತ್ಯಾಸವೆಂದರೆ, ಬಿಪಿ ಏರಿಸುವ ಔಷಧಿ ದೊಡ್ಡ ಪ್ರಮಾಣದಲ್ಲಿ ಏರುತ್ತಲೇ ಇರುವಾಗ ಕರುಳಿಗೆ ಆಹಾರ ತುಂಬಬಾರದು. ರಕ್ತವಿಲ್ಲದ ಕರುಳಿಗೆ ಕೆಲಸ ಕೊಟ್ಟರೆ ಅದು ಸಾಯುತ್ತದೆ. ಈ ಎಚ್ಚರಿಕೆ ಪುಸ್ತಕದ್ದಷ್ಟೇ ಅಲ್ಲ. 2008ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪ್ರೊಪಾಟ್ರಿಯಾ ಅಧ್ಯಯನದಲ್ಲಿ ತೀವ್ರ ಪ್ಯಾಂಕ್ರಿಯಾಟೈಟಿಸ್ ಸಾಧ್ಯತೆಯಿದ್ದವರಿಗೆ ಕೊಳವೆಯ ಮೂಲಕ ಪ್ರೊಬಯಾಟಿಕ್ (ಒಳ್ಳೆಯದೆನ್ನುವ ಬ್ಯಾಕ್ಟೀರಿಯಾ) ಕೊಟ್ಟಿದ್ದರು. ಕೊಟ್ಟವರಲ್ಲಿ ಶೇ. 16ರಷ್ಟು ಜನ ಸತ್ತರು, ಕೊಡದವರಲ್ಲಿ ಶೇ. 6ರಷ್ಟು, ಕೊಟ್ಟವರಲ್ಲಿ 9 ಜನರ ಕರುಳಿಗೆ ರಕ್ತ ನಿಂತಿತ್ತು, ಕೊಡದವರಲ್ಲಿ ಒಬ್ಬರಿಗೂ ಇಲ್ಲ. "ಹೊಟ್ಟೆಗೆ ಒಳ್ಳೆಯದು" ಎಂದು ಪ್ರೊಬಯಾಟಿಕ್ ಪುಡಿ ತಂದುಕೊಡುವ ಬಂಧುಗಳು ಇದನ್ನು ತಿಳಿದಿರಬೇಕು.

ನೋವಿಗೆ ಫೆಂಟನಿಲ್, ಮಾರ್ಫಿನ್ ಕೊಡಬಹುದು. ಡೈಕ್ಲೋಫೆನಾಕ್ ಜಾತಿಯ ಮಾತ್ರೆ-ಇಂಜೆಕ್ಷನ್ ಬೈಪಾಸ್ ಆದವರಿಗೆ ಆ ಹೊತ್ತಿನಲ್ಲಿ ಕೊಡಬಾರದು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಸೋಂಕು ತಡೆಯಲೆಂದು ಮುಂಚಿತವಾಗಿ ಆ್ಯಂಟಿಬಯಾಟಿಕ್ ಕೊಡುವುದರಿಂದ ಲಾಭವಿಲ್ಲ. ಸೋಂಕು ಆದದ್ದು ಖಾತ್ರಿಯಾದರೆ ಮಾತ್ರ ತಡಮಾಡಬಾರದು, ಮುಖ್ಯವಾಗಿ ಕೃತಕ ಕವಾಟ ಇರುವವರಲ್ಲಿ: ಕೊಳೆತ ಮೇದೋಜೀರಕದಿಂದ ರಕ್ತಕ್ಕೆ ಇಳಿದ ಬ್ಯಾಕ್ಟೀರಿಯಾ ಹೊಸ ಕವಾಟದ ಮೇಲೆ ನೆಲೆಯೂರಿದರೆ ಅದನ್ನು ಕೀಳುವುದು ಮತ್ತೊಂದು ಹೃದಯದ ಆಪರೇಷನ್.

ಎರಡನೆಯ ಜಗಳ ರಕ್ತ ತೆಳುವಾಗಿಸುವ ಔಷಧಿಯದ್ದು, ಮತ್ತು ಇದಕ್ಕೆ ಸುಲಭದ ತೀರ್ಮಾನವಿಲ್ಲ. ಲೋಹದ ಕವಾಟ ಹಾಕಿದವರಿಗೆ ವಾರ್ಫರಿನ್ ಇಲ್ಲದೆ ಆಗದು, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಜಾಗದಲ್ಲಿದ್ದರಂತೂ ಸರಿಯೇ ಸರಿ. ಆದರೆ ಉರಿಯುವ ಮೇದೋಜೀರಕದ ರಸ ಪಕ್ಕದ ರಕ್ತನಾಳದ ಗೋಡೆಯನ್ನು ತಿಂದು, ಅಲ್ಲಿ ಗುಳ್ಳೆಯೆದ್ದು, ಅದು ಒಡೆದರೆ ರಕ್ತ ಕಟ್ಟುವುದಿಲ್ಲ. ತೀವ್ರ ಹಂತದಲ್ಲಿ ವಾರ್ಫರಿನ್ ನಿಲ್ಲಿಸಿ, ಡ್ರಿಪ್ಪಿನಲ್ಲಿ ಹೆಪಾರಿನ್‌ಗೆ ಬದಲಾಯಿಸುವುದು ಜಾಣತನ. ಅದರ ಅರ್ಧಾಯುಷ್ಯ ಒಂದರಿಂದ ಒಂದೂವರೆ ಗಂಟೆ, ಬೇಕಾದಾಗ ನಿಲ್ಲಿಸಬಹುದು, ಪ್ರೊಟಮಿನ್ ಕೊಟ್ಟು ತಿರುಗಿಸಲೂಬಹುದು. ಡ್ರೈನ್ ಹಾಕಬೇಕಾದ ದಿನ ಇದು ಜೀವ ಉಳಿಸುತ್ತದೆ. ಲೋಹದ ಕವಾಟದವರಿಗೆ ಹೊಸ ಬಗೆಯ ರಕ್ತ ತೆಳುಕಾರಕ ಮಾತ್ರೆಗಳು ಬದಲಿಯಲ್ಲ. ಹಿಮೋಗ್ಲೋಬಿನ್ ಒಮ್ಮೆಲೇ ಇಳಿದರೆ, ಡ್ರೈನಿನಲ್ಲಿ ಸ್ವಲ್ಪವೇ ಕೆಂಪು ಕಂಡರೂ, ಅದು ದೊಡ್ಡ ಸ್ರಾವದ ಮುನ್ಸೂಚನೆ ಎಂದು ತಿಳಿದು ಸಿಟಿ ಆಂಜಿಯೋಗ್ರಾಂ ಮಾಡಿಸಬೇಕು. ಗುಳ್ಳೆಯನ್ನು ಕ್ಯಾತಿಟರ್ ಮೂಲಕ ಸುರುಳಿ ಹಾಕಿ ಮುಚ್ಚುವುದು ಹೊಟ್ಟೆ ತೆರೆಯುವುದಕ್ಕಿಂತ ಸುರಕ್ಷಿತ.

ಗ್ರಂಥಿಯ ಭಾಗ ಕೊಳೆತು ಸೋಂಕಾದರೂ ಚಾಕು ಹಿಡಿಯಲು ಆತುರ ಬೇಡ. 2010ರ ಪ್ಯಾಂಟರ್ ಅಧ್ಯಯನದಲ್ಲಿ 88 ರೋಗಿಗಳನ್ನು ನೇರ ಆಪರೇಷನ್ ಮತ್ತು ಹಂತಹಂತದ ಚಿಕಿತ್ಸೆ ಎಂದು ವಿಂಗಡಿಸಿದ್ದರು. ದೊಡ್ಡ ತೊಡಕು ಅಥವಾ ಸಾವು ಮೊದಲ ಗುಂಪಿನಲ್ಲಿ ಶೇ. 69, ಎರಡನೆಯದರಲ್ಲಿ ಶೇ. 40. ಎರಡನೆಯ ಗುಂಪಿನ ಶೇ. 35ರಷ್ಟು ಜನರಿಗೆ ಡ್ರೈನ್ ಕೊಳವೆಯೊಂದೇ ಸಾಕಾಯಿತು. ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿಕೊಳ್ಳಲು ಸುಮಾರು ನಾಲ್ಕು ವಾರ ಬೇಕು. 2021ರ ಪಾಯಿಂಟರ್ ಅಧ್ಯಯನದಲ್ಲಿ ಗೋಡೆ ಕಟ್ಟುವವರೆಗೆ ಕಾದ ಗುಂಪಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನರು ಡ್ರೈನೇ ಇಲ್ಲದೆ ಆ್ಯಂಟಿಬಯಾಟಿಕ್‌ನಿಂದಲೇ ಪಾರಾದರು. ಹೃದಯದ ರೋಗಿಗಳಿಗೆ ಕಾಯುವುದರಲ್ಲಿ ಇನ್ನೊಂದು ಲಾಭವೂ ಇದೆ: ಅಷ್ಟರಲ್ಲಿ ಹೃದಯ ಚೇತರಿಸಿಕೊಂಡಿರುತ್ತದೆ, ಎದೆಮೂಳೆ ಕೂಡತೊಡಗಿರುತ್ತದೆ. ಮೇಲ್ಹೊಟ್ಟೆಯನ್ನು ಉದ್ದಕ್ಕೆ ತೆರೆದರೆ ಆ ಗಾಯದ ತುದಿ ಎದೆಯ ಗಾಯದ ತುದಿಗೆ ಬಂದು ಮುಟ್ಟುತ್ತದೆ, ಹೊಟ್ಟೆಯ ಕೀವು ಎದೆಮೂಳೆಗೆ ದಾಟುತ್ತದೆ. ಅದಕ್ಕಾಗಿಯೇ ಎಡಪಕ್ಕೆಯ ಹಿಂದಿನಿಂದ ಹಾಕುವ ಡ್ರೈನ್, ಅಥವಾ ಜಠರದ ಗೋಡೆಯ ಮೂಲಕ ಎಂಡೋಸ್ಕೋಪಿಯಲ್ಲಿ ಇಡುವ ಸ್ಟೆಂಟ್ ಇಲ್ಲಿ ಮೇಲು.

ಮನೆಗೆ ಬಂದ ಮೇಲೆ

ಕಾಯಿಲೆ ಸೌಮ್ಯವಾಗಿದ್ದವರಲ್ಲಿ ಅದು ಒಂದು ವಾರದೊಳಗೆ ಇಳಿಯುತ್ತದೆ. ಗ್ರಂಥಿಯ ಭಾಗ ಕಳೆದುಕೊಂಡವರಿಗೆ ಮಾತ್ರ ಕೆಲವು ತೊಂದರೆ ಮುಂದುವರಿಯುತ್ತವೆ. ತೇಲುವ, ಜಿಡ್ಡಿನ, ದುರ್ವಾಸನೆಯ ಮಲ, ಉಂಡರೂ ಇಳಿಯುವ ತೂಕ, ಇವು ಜೀರ್ಣರಸ ಸಾಲದಿರುವ ಗುರುತು. ಮೇದೋಜೀರಕದ ರಸವಾದ ಇಲಾಸ್ಟೇಸ್ ಮಲದಲ್ಲಿ ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಶಂಕೆ ಬಲವಾಗುತ್ತದೆ. ಲೈಪೇಸ್ ಕ್ಯಾಪ್ಸೂಲುಗಳನ್ನು ಮುಖ್ಯ ಊಟಕ್ಕೆ 40,000ರಿಂದ 50,000 ಯೂನಿಟ್, ತಿಂಡಿಗೆ ಅದರ ಅರ್ಧ ಕೊಡುತ್ತಾರೆ. ಊಟಕ್ಕೆ ಅರ್ಧ ಗಂಟೆ ಮೊದಲೋ ಮುಗಿದ ಮೇಲೋ ನುಂಗಿದರೆ ವ್ಯರ್ಥ. ಮೊದಲ ತುತ್ತಿನ ಜೊತೆ ಒಂದಷ್ಟು, ನಡುವೆ ಉಳಿದದ್ದು. ಸಕ್ಕರೆಯನ್ನೂ ಆಗಾಗ ನೋಡಬೇಕು, ಏಕೆಂದರೆ ಇನ್ಸುಲಿನ್ ಮಾಡುವ ಕೋಶಗಳೂ ಅದೇ ಗ್ರಂಥಿಯಲ್ಲಿವೆ. ಇಂಥ ಮಧುಮೇಹದಲ್ಲಿ ಸಕ್ಕರೆ ದಿಢೀರನೆ ತೀರಾ ಕೆಳಗಿಳಿಯುವುದೂ ಉಂಟು.

ಕಲ್ಲಿನಿಂದ ಬಂದ ಪ್ಯಾಂಕ್ರಿಯಾಟೈಟಿಸ್ ಆಗಿದ್ದರೆ ಪಿತ್ತಕೋಶ ತೆಗೆಸಲೇಬೇಕು, ಇಲ್ಲದಿದ್ದರೆ ಮರುಕಳಿಸುತ್ತದೆ. ಸಾಮಾನ್ಯ ರೋಗಿಯಲ್ಲಿ ಅದೇ ದಾಖಲಾತಿಯಲ್ಲಿ ತೆಗೆದುಬಿಡುತ್ತಾರೆ. ಇಲ್ಲಿ ಹೃದಯದ ಡಾಕ್ಟರ್, ಅರಿವಳಿಕೆಯ ಡಾಕ್ಟರ್, ಹೊಟ್ಟೆಯ ಸರ್ಜನ್ ಮೂವರೂ ಕೂತು ದಿನ ಗೊತ್ತುಮಾಡಬೇಕು. ಆ ದಿನ ಯಾವುದು, ವಾರ್ಫರಿನ್ ಎಂದು ನಿಲ್ಲಿಸಬೇಕು ಎಂದು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಮೂರು ವಿಭಾಗಗಳ ನಡುವೆ ಯಾರ ಹೊಣೆಯೂ ಆಗದೆ ಉಳಿಯುವ ಕೆಲಸ ಇದೇ.

ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ, ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಎಂದು ತೋರಿಸುವ ಐಎನ್‌ಆರ್ ಈ ಅವಧಿಯಲ್ಲಿ ಹುಚ್ಚು ಕುದುರೆಯಾಗುತ್ತದೆ. ಕೊಬ್ಬು ಅರಗದಿದ್ದರೆ ವಿಟಮಿನ್ ಕೆ ಸೇರುವುದಿಲ್ಲ, ಐಎನ್‌ಆರ್ ಏರುತ್ತದೆ. ಆ್ಯಂಟಿಬಯಾಟಿಕ್ ಇದ್ದರೆ ಇನ್ನಷ್ಟು. ಎನ್ಜೈಮ್ ಕ್ಯಾಪ್ಸೂಲ್ ಶುರುವಾಗಿ ಊಟ ಮೈಗೆ ಹತ್ತತೊಡಗಿದರೆ ಅದೇ ಡೋಸಿನಲ್ಲಿ ಇಳಿಯುತ್ತದೆ, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಭಯ. ಆಸ್ಪತ್ರೆಯಿಂದ ಬಂದ ಮೊದಲ ತಿಂಗಳು ವಾರಕ್ಕೆರಡು ಸಲ ಪರೀಕ್ಷೆ ಅತಿಯಲ್ಲ. ಊಟದಲ್ಲೋ ಮಾತ್ರೆಯಲ್ಲೋ ಬದಲಾವಣೆಯಾದ ಮೂರು-ನಾಲ್ಕು ದಿನಕ್ಕೆ ಇನ್ನೊಂದು.

ಮತ್ತೆ ಮೇಲ್ಹೊಟ್ಟೆ ನೋವು ಬಂದರೆ ಅದು ಹೃದಯದ್ದೋ ಹೊಟ್ಟೆಯದೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸಲು ಹೋಗಬಾರದು. ಹೃದಯದ ಕೆಳಗೋಡೆಯ ಆಘಾತ ಹೊಟ್ಟೆನೋವಾಗಿ ಬರುತ್ತದೆ. ಪ್ಯಾಂಕ್ರಿಯಾಟೈಟಿಸ್ ಇಸಿಜಿಯಲ್ಲಿ ಹೃದಯಾಘಾತದಂಥ ಗೆರೆ ಬರೆಯುತ್ತದೆ. ತುರ್ತು ಚಿಕಿತ್ಸೆಯ ಟೇಬಲ್ಲಿನಲ್ಲಿ ಇಸಿಜಿ, ಟ್ರೋಪೋನಿನ್ (ಹೃದಯಕ್ಕೆ ಬಿದ್ದ ಪೆಟ್ಟು ತೋರಿಸುವ ರಕ್ತಪರೀಕ್ಷೆ), ಲೈಪೇಸ್ ಮೂರೂ ಒಟ್ಟಿಗೆ ಆಗಬೇಕು, ಟ್ರೋಪೋನಿನ್ ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ. ಹಿಂದೆ ಪ್ಯಾಂಕ್ರಿಯಾಟೈಟಿಸ್ ಆಗಿತ್ತು ಎಂಬ ಸಂಗತಿ ಹೃದಯದ ಫೈಲಿನ ಮೊದಲ ಪುಟದಲ್ಲೇ ಇದ್ದರೆ ಮಾತ್ರ ಆ ಡ್ಯೂಟಿ ಡಾಕ್ಟರಿಗೆ ಲೈಪೇಸ್ ನೆನಪಾಗುತ್ತದೆ.